ಹೊಗೆಯಟ್ಟದ ಉಪ್ಪಾಗೆ

ಆಷಾಢದ ಮಳೆ ಹಿಡಿಯಿತೆಂದರೆ ಶಿರಸಿ, ಸಿದ್ದಾಪುರ, ಹೊನ್ನಾವರದ ಘಟ್ಟಸಾಲಿನಲ್ಲಿ ಬಿಸಿಲಿನ ಮಾತೇ ಇಲ್ಲ. ಅಡಿಕೆಗೆ ಕೊಳೆಮದ್ದು ಹೊಡೆಯಲು ಒಂದು ಗಳಿಗೆ ಹೊಳವಾದರೆ ಸಾಕೆಂದು ತೋಟಿಗರು ಮುಗಿಲು ನೋಡುತ್ತಿರುತ್ತಾರೆ. ಹಳ್ಳಗಳು ಕೆಂಪಗೆ ಹರಿಯುತ್ತವೆ, ದಾರಿಯ ತರಗೆಲೆಯಲ್ಲಿ ಉಂಬಳಗಳು ತಲೆಯೆತ್ತಿ ನಿಂತಿರುತ್ತವೆ. ಕಾಡಿನಲ್ಲಿ ಉಪ್ಪಾಗೆ ಹಣ್ಣಾಗುವುದು ಈ ಹೊತ್ತಿನಲ್ಲೇ. ಕಡುಹಸಿರಿನ ನುಣುಪು ಎಲೆ, ಅಡ್ಡಕ್ಕೆ ಚಾಚಿ ತುದಿಯಲ್ಲಿ ಬಾಗಿದ ಕೊಂಬೆ, ಆ ಕೊಂಬೆಗಳ ತುಂಬ ಪುಟ್ಟ ಕುಂಬಳಕಾಯಿಯಂತೆ ಗೀರುಗೀರಾದ ಹಳದಿ ಹಣ್ಣು. ಮಂಜು ಕವಿದ ಕಾಡಿನಲ್ಲಿ ದೂರಕ್ಕೆ ಕಾಣುವ ಬಣ್ಣ ಅದೊಂದೇ.

ಕಂಬಳಿಕೊಪ್ಪೆ ಹೊದ್ದು, ಈಗೀಗ ಪ್ಲಾಸ್ಟಿಕ್ ಹೊದ್ದು, ಗಂಡಸರೂ ಹೆಂಗಸರೂ ಬೆಟ್ಟ ಹತ್ತುತ್ತಾರೆ. ಉದುರಿದ ಹಣ್ಣನ್ನು ಬುಟ್ಟಿಗೆ ಆರಿಸಿ ತಂದು ಅಂಗಳದ ಮಾಡಿನಡಿ ರಾಶಿ ಹಾಕುತ್ತಾರೆ. ಸಂಜೆ ಮನೆಮಂದಿಯೆಲ್ಲ ಕೂತು ಹಣ್ಣು ಒಡೆಯುತ್ತಾರೆ: ಸಿಪ್ಪೆ ಒಂದು ಕಡೆ, ಬೀಜ ಇನ್ನೊಂದು ಕಡೆ. ಬೀಜಕ್ಕೆ ಅಂಟಿದ ತಿರುಳು ಹುಳಿಸಿಹಿ, ಅದನ್ನು ಚೀಪುವ ಹಕ್ಕು ಮಕ್ಕಳದು. ಒಣಗಿಸಲು ಬಿಸಿಲಿಲ್ಲವಲ್ಲ, ಹಾಗಾಗಿ ಸಿಪ್ಪೆ ಅಟ್ಟ ಏರುತ್ತದೆ. ಅಡಿಯಲ್ಲಿ ಹಗಲಿರುಳು ಬೆಂಕಿ. ಹಳದಿ ಸಿಪ್ಪೆ ಕಂದಾಗಿ, ಕೊನೆಗೆ ಕರ್ರಗೆ ಮುದುಡಿಕೊಳ್ಳುತ್ತದೆ. ಹುಳಿ ಮತ್ತು ಹೊಗೆ ಬೆರೆತ ಆ ವಾಸನೆ ಮನೆಯ ಬಟ್ಟೆಬರೆಗೂ ಹತ್ತಿಬಿಡುತ್ತದೆ.

ಆ ಕಪ್ಪು ಸಿಪ್ಪೆಯ ಒಂದೆರಡು ಚೂರು ಸಾರಿಗೆ ಬಿದ್ದರೆ ಹುಣಸೆಹಣ್ಣು ಬೇಡ. ಕೇರಳದಲ್ಲಿ ಇದೇ ‘ಕುಡಂಪುಳಿ’; ಅದಿಲ್ಲದೆ ಅಲ್ಲಿನ ಮೀನುಸಾರು ಪೂರ್ತಿಯಾಗದು. ಕೊಡಗಿನವರು ಹಣ್ಣಿನ ರಸ ಇಳಿಸಿ, ಕುದಿಸಿ ಕುದಿಸಿ ಕಪ್ಪು ‘ಕಾಚಂಪುಳಿ’ ಮಾಡುತ್ತಾರೆ. ಪಂದಿಕರಿಗೆ ಆ ಗಾಢ ಬಣ್ಣ, ಹುಳಿ ಬರುವುದು ಅದರಿಂದ. ಉಪ್ಪಿನ ಜೊತೆ ಈ ಸಿಪ್ಪೆ ಹಾಕಿ ಮೀನನ್ನು ಕೆಡದಂತೆ ಕಾಪಿಡುವ ‘ಕೊಲಂಬೊ ಕ್ಯೂರಿಂಗ್’ ಎಂಬ ಹಳೆಯ ಪದ್ಧತಿಯೂ ಪಡುಗಡಲ ತೀರದಲ್ಲಿತ್ತು. ಬೀಜವನ್ನೂ ಮಲೆನಾಡಿನವರು ಎಸೆದವರಲ್ಲ. ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ತೇಲಿಬರುವ ಜಿಡ್ಡೇ ಉಪ್ಪಾಗೆ ತುಪ್ಪ. ಇದರಲ್ಲಿ ಸ್ಟಿಯರಿಕ್ ಆಮ್ಲ ಹೆಚ್ಚು, ಆದ್ದರಿಂದ ಆರಿದೊಡನೆ ಗಟ್ಟಿಯಾಗುತ್ತದೆ. ಬಿಸಿ ದೋಸೆಯ ಮೇಲೆ ಅದು ಕರಗುವುದನ್ನು ಕಂಡವರಿಗೆ ಈ ಮರದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಈ ಹುಳಿಯ ಗುಟ್ಟು ಬಯಲಾದದ್ದು ಮೈಸೂರಿನಲ್ಲಿ. ಚೆಲುವಾಂಬ ಮ್ಯಾನ್ಷನ್ ಎಂಬ ಹಳೆಯ ಅರಮನೆಯಲ್ಲಿರುವ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಈ ಸಿಪ್ಪೆಯ ರಸಾಯನವನ್ನು ಬಿಡಿಸಿ ನೋಡಿದರು. ಅಲ್ಲಿಯವರೆಗೆ ಇದನ್ನು ಸಿಟ್ರಿಕ್ ಅಥವಾ ಟಾರ್ಟಾರಿಕ್ ಆಮ್ಲವೆಂದೇ ತಿಳಿಯಲಾಗಿತ್ತು. ಇದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ಅವರು ಪ್ರಕಟಿಸಿದರು. ಒಣಸಿಪ್ಪೆಯ ತೂಕದಲ್ಲಿ ಶೇ 10ರಿಂದ 30ರವರೆಗೂ ಇದೇ ಇರುತ್ತದೆ. ಗದ್ದಲವಿಲ್ಲದ, ಅಚ್ಚುಕಟ್ಟಾದ ಸಂಶೋಧನೆ ಅದು. ನಮ್ಮ ನೆಲದ ಮರವನ್ನು ನಮ್ಮ ಪ್ರಯೋಗಾಲಯವೇ ಮೊದಲು ಸರಿಯಾಗಿ ಓದಿತು ಎಂಬುದು ನನಗೆ ಇಂದಿಗೂ ಹೆಮ್ಮೆಯ ವಿಷಯ.

ನಾಲ್ಕು ವರ್ಷ ಕಳೆದು ಕಥೆ ಅಮೆರಿಕಕ್ಕೆ ದಾಟಿತು. ಉಂಡ ಪಿಷ್ಟ, ಸಕ್ಕರೆ ಖರ್ಚಾಗದೆ ಮಿಕ್ಕರೆ ಜೀವಕೋಶ ಅದನ್ನು ಸಿಟ್ರೇಟ್ ಮಾಡಿ ಸಾಗಿಸುತ್ತದೆ, ಆ ಸಿಟ್ರೇಟನ್ನು ಮುರಿದು ಕೊಬ್ಬು ಕಟ್ಟುತ್ತದೆ. ಮುರಿಯುವ ಕೆಲಸ ಎಟಿಪಿ ಸಿಟ್ರೇಟ್ ಲೈಯೇಸ್ ಎಂಬ ಕಿಣ್ವದ್ದು. ಉಪ್ಪಾಗೆಯ ಆಮ್ಲ ನೋಡಲು ಸಿಟ್ರೇಟಿನ ಹಾಗೆಯೇ ಇರುವುದರಿಂದ ಈ ಕಿಣ್ವಕ್ಕೆ ಅಂಟಿಕೊಂಡು ಅದರ ಕೈ ಕಟ್ಟುತ್ತದೆ ಎಂದು ಬ್ರಾಂಡೈಸ್ ವಿಶ್ವವಿದ್ಯಾಲಯದ ಜಾನ್ ಲೊವೆನ್‌ಸ್ಟೈನ್ ಮತ್ತು ಸಂಗಡಿಗರು 1969ರಲ್ಲಿ ತೋರಿಸಿದರು. ಮುಂದೆ ಇಲಿಗಳಿಗೆ ತಿನ್ನಿಸಿ ನೋಡಿದಾಗ ಕೊಬ್ಬು ಕಟ್ಟುವುದು ಕಡಿಮೆಯಾಯಿತು, ಇಲಿಗಳು ತಿನ್ನುವುದೂ ಕಡಿಮೆಯಾಯಿತು. ಅಷ್ಟರವರೆಗೆ ವಿಜ್ಞಾನ ತಾನು ಕಂಡದ್ದನ್ನಷ್ಟೇ ಹೇಳಿತ್ತು.

ಅಲ್ಲಿಂದಾಚೆ ಮಾತಾಡಿದ್ದು ಮಾರುಕಟ್ಟೆ. ತೊಂಬತ್ತರ ದಶಕದಲ್ಲಿ ಉಪ್ಪಾಗೆಯದೇ ಸಸ್ಯಶಾಸ್ತ್ರೀಯ ಹೆಸರಾದ ‘ಗಾರ್ಸಿನಿಯಾ ಕ್ಯಾಂಬೋಜಿಯಾ’ ತೂಕ ಇಳಿಸುವ ಗುಳಿಗೆಗಳ ಡಬ್ಬಿ ಏರಿತು. ಅದರ ಬಿಸಿ ನೇರ ಬಂದು ತಟ್ಟಿದ್ದು ನಮ್ಮ ಘಟ್ಟಕ್ಕೆ. ಅಡುಗೆಮನೆಯ ಡಬ್ಬದಲ್ಲಿದ್ದ ಸಿಪ್ಪೆಗೆ ಟೆಂಡರು ಬಂತು, ಗುತ್ತಿಗೆದಾರ ಬಂದ. ನಾಳೆ ಬಂದರೆ ಹಣ್ಣು ಬೇರೆಯವರ ಪಾಲಾದೀತೆಂಬ ಅವಸರದಲ್ಲಿ ಕಾಯಿಯನ್ನೇ ಕೊಯ್ದರು. ಮರ ಹತ್ತಲು ಪುರುಸೊತ್ತಿಲ್ಲದೆ ಕೊಂಬೆಯನ್ನೇ ಕಡಿದು ಕೆಳಗಿಳಿಸಿದರು. ಉಪ್ಪಾಗೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕಾಯಿ ಬಿಡುವುದು ಹೆಣ್ಣು ಮರ, ಕತ್ತಿ ಬಿದ್ದದ್ದೂ ಅದಕ್ಕೇ. ಬೀಜ ನೆಲಕ್ಕೆ ಬಿದ್ದರೂ ಮೊಳೆಯಲು ತಿಂಗಳುಗಟ್ಟಲೆ ಬೇಕು. ಎಲ್ಲವನ್ನೂ ಬಾಚಿ ಒಯ್ದರೆ ಮೊಳೆಯಲು ಉಳಿಯುವುದೇನು? ಇನ್ನು ಅಟ್ಟದಡಿಯ ಬೆಂಕಿ. ಮನೆಗಾಗುವಷ್ಟು ಸಿಪ್ಪೆಗೆ ಒಲೆಯ ಹೊಗೆ ಸಾಕಿತ್ತು, ಮೂಟೆಗಟ್ಟಲೆ ಸಿಪ್ಪೆಗೆ ಕಾಡಿನ ಕಟ್ಟಿಗೆಯೇ ಬೇಕಾಯಿತು. ಕಟ್ಟಿಗೆ ಕಡಿಮೆ ಬೇಡುವ ಸುಧಾರಿತ ಒಣಗೂಡುಗಳೂ ಕಸಿ ಗಿಡಗಳೂ ಆಮೇಲೆ ಬಂದವು. ಬಂದದ್ದು ಒಳ್ಳೆಯದೇ ಆಯಿತು. ಆದರೆ ಅಷ್ಟರಲ್ಲಿ ಎಷ್ಟೋ ಮರಗಳು ಬೋಳು ಕಾಂಡವಾಗಿ ನಿಂತಿದ್ದವು. ಹಣ್ಣು ಆರಿಸಿದವರನ್ನು ಮಾತ್ರ ದೂರಲಾರೆ. ಮಳೆಗಾಲದಲ್ಲಿ ಕೂಲಿ ಇಲ್ಲದ ಮನೆಗೆ ಆ ಸಿಪ್ಪೆಯ ದುಡ್ಡಿನಿಂದಲೇ ಅಕ್ಕಿ ಬರಬೇಕಿತ್ತು.

ಅತ್ತ ನ್ಯೂಯಾರ್ಕಿನಲ್ಲಿ ಸ್ಟೀವನ್ ಹೇಮ್ಸ್‌ಫೀಲ್ಡ್ ಮತ್ತು ಸಂಗಡಿಗರು ಗುಳಿಗೆಯನ್ನು ಮನುಷ್ಯರ ಮೇಲೆ ಪರೀಕ್ಷಿಸಿದರು. ತೂಕ ಹೆಚ್ಚಿದ್ದ 135 ಜನ, 12 ವಾರ. ಕೆಲವರಿಗೆ ದಿನಕ್ಕೆ 1,500 ಮಿಲಿಗ್ರಾಂ ಆಮ್ಲ, ಉಳಿದವರಿಗೆ ಅದೇ ರೂಪದ ಖಾಲಿ ಗುಳಿಗೆ. ಯಾರಿಗೆ ಯಾವುದೆಂದು ಯಾರಿಗೂ ತಿಳಿಯದ ವ್ಯವಸ್ಥೆ. ಎಲ್ಲರಿಗೂ ಕ್ಯಾಲರಿ ಕಡಿಮೆಯಿರುವ ಒಂದೇ ಪಥ್ಯ. ಖಾಲಿ ಗುಳಿಗೆ ನುಂಗಿದವರು ಸರಾಸರಿ 4.1 ಕಿಲೋ ಇಳಿದರು, ಉಪ್ಪಾಗೆಯವರು 3.2 ಕಿಲೋ! ತೂಕ ಇಳಿಸಿದ್ದು ಪಥ್ಯ ಮಾತ್ರ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ಇದನ್ನು ಪ್ರಕಟಿಸಿತು. ಬೇರೆ ಬೇರೆ ಪರೀಕ್ಷೆಗಳನ್ನು ಒಟ್ಟುಗೂಡಿಸಿದ 2011ರ ವಿಶ್ಲೇಷಣೆಯೊಂದರಲ್ಲಿ 0.88 ಕಿಲೋ ಲಾಭ ಕಂಡಿತು. ಕಟ್ಟುನಿಟ್ಟಿನ ಪರೀಕ್ಷೆಗಳನ್ನಷ್ಟೇ ಲೆಕ್ಕಕ್ಕೆ ಹಿಡಿದಾಗ ಅದೂ ನಿಲ್ಲಲಿಲ್ಲ. ಕಾರಣ ಊಹಿಸಲು ಕಷ್ಟವಿಲ್ಲ. ಸಾಮಾನ್ಯ ಊಟ ಮಾಡುವ ಮನುಷ್ಯನ ಮೈಯಲ್ಲಿ ಕೂಡಿಕೊಳ್ಳುವ ಕೊಬ್ಬಿನ ಬಹುಪಾಲು ಊಟದ ಕೊಬ್ಬೇ, ಪಿಷ್ಟದಿಂದ ಹೊಸದಾಗಿ ಕಟ್ಟಿದ್ದು ಅಲ್ಪ. ಇಲಿಯ ಮೈ ಹಾಗಲ್ಲ.

ಇಷ್ಟೇ ಆಗಿದ್ದರೆ ದುಡ್ಡು ದಂಡವಾಯಿತೆಂದು ಸುಮ್ಮನಿರಬಹುದಿತ್ತು. ಆದರೆ ಇಂಥ ಗುಳಿಗೆ ನುಂಗಿದ ಕೆಲವರಲ್ಲಿ ಯಕೃತ್ತು ಕೆಟ್ಟದ್ದು ದಾಖಲಾಗಿದೆ. ಔಷಧಗಳಿಂದ ಯಕೃತ್ತಿಗೆ ಆಗುವ ಹಾನಿಯನ್ನು ಗಮನಿಸುವ ಅಮೆರಿಕದ ಸಂಶೋಧಕರ ಜಾಲ 2022ರಲ್ಲಿ 22 ಪ್ರಕರಣಗಳನ್ನು ವಿವರಿಸಿತು. ಹಲವರ ಗುಳಿಗೆಯಲ್ಲಿ ಹಸಿರು ಚಹಾದ ಸಾರವೂ ಬೆರೆತಿತ್ತು. ಎಚ್‌ಎಲ್‌ಎ-ಬಿ*35:01 ಎಂಬ ಅನುವಂಶಿಕ ಗುರುತು ಇದ್ದವರು ಅವರಲ್ಲಿ ಎದ್ದು ಕಾಣುವಷ್ಟಿದ್ದರು. ಎಲ್ಲರಿಗೂ ಹೀಗಾಗುವುದಿಲ್ಲ, ಆಗುವುದು ಅಪರೂಪ. ಯಾರಿಗೆ ಆದೀತೆಂದು ಡಬ್ಬಿ ಕೊಳ್ಳುವ ಹೊತ್ತಿನಲ್ಲಿ ಗೊತ್ತಾಗುವುದಿಲ್ಲ, ಅಪಾಯ ಇರುವುದು ಅಲ್ಲೇ.

ಇಲ್ಲೊಂದು ವ್ಯತ್ಯಾಸವನ್ನು ಒತ್ತಿ ಹೇಳಬೇಕು. ನಾಲ್ಕು ಜನರ ಸಾರಿಗೆ ಬೀಳುವ ಎರಡು ಚೂರು ಸಿಪ್ಪೆಯೂ, ಆಮ್ಲವನ್ನಷ್ಟೇ ಹಿಂಡಿ ದಿನಕ್ಕೆ ಮೂರು ಹೊತ್ತು ವಾರಗಟ್ಟಲೆ ನುಂಗುವ ಗುಳಿಗೆಯೂ ಒಂದೇ ವಸ್ತುವಲ್ಲ. ಗುಳಿಗೆಯ ಸುದ್ದಿ ಕೇಳಿ ಸಾರಿನ ಉಪ್ಪಾಗೆಗೆ ಹೆದರುವುದು ಎಷ್ಟು ತಪ್ಪೋ, ಅಜ್ಜಿಯ ಕಾಲದಿಂದ ತಿಂದದ್ದಲ್ಲವೇ ಎಂದು ಗುಳಿಗೆಯನ್ನು ನಂಬುವುದೂ ಅಷ್ಟೇ ತಪ್ಪು. ಮರದಲ್ಲಿ ಔಷಧಗುಣ ಹುಡುಕುವ ಸಂಶೋಧನೆ ಬೇಕು, ಇನ್ನೂ ಹೆಚ್ಚು ಬೇಕು. ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲಿ ಕಾಣುವವರೆಗೆ ಕಾಯುವ ತಾಳ್ಮೆಯೂ ಅದರ ಭಾಗ.

ಶಿರಸಿ ಪೇಟೆಗೆ ಹೋದಾಗ ಒಣ ಉಪ್ಪಾಗೆ ಸಿಪ್ಪೆ ಕೊಳ್ಳಿ, ತುಪ್ಪ ಸಿಕ್ಕರೆ ಅದನ್ನೂ ಕೊಳ್ಳಿ. ಬಿದ್ದ ಹಣ್ಣು ಆರಿಸಿ ಮರ ಉಳಿಸುವವರ ಕೈಗೆ ದುಡ್ಡು ಸೇರಲಿ. ತೂಕ ಇಳಿಸುವ ಗುಳಿಗೆ ಈಗಾಗಲೇ ನುಂಗುತ್ತಿದ್ದೀರಾದರೆ ಡಬ್ಬಿಯ ಹಿಂದಿನ ಸಣ್ಣಕ್ಷರದಲ್ಲಿ ಗಾರ್ಸಿನಿಯಾ ಇದೆಯೇ ನೋಡಿ, ವೈದ್ಯರಿಗೆ ತಿಳಿಸಿ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಊಟ ಸೇರದೆ ಸುಸ್ತಾದರೆ ಅಂದೇ ನಿಲ್ಲಿಸಿ, ಡಬ್ಬಿಯ ಸಮೇತ ಆಸ್ಪತ್ರೆಗೆ ಹೋಗಿ.