ಹೊತ್ತು ನೋಡಿ ಕೊಡುವ ಕರೆಂಟು

ಲ್ಯಾಪ್‌ಟಾಪ್ ಪರದೆಯ ಮೇಲೆ 12 ಪದಗಳು ಒಂದಾದ ಮೇಲೊಂದು ಮೂಡಿ ಮರೆಯಾಗುತ್ತವೆ. ಬೆನ್ನಿಗೇ ಒಂದಿಷ್ಟು ಕೂಡುವ ಲೆಕ್ಕ, ಪದಗಳನ್ನು ಮನಸ್ಸಿನಲ್ಲೇ ಉರು ಹೊಡೆಯದಿರಲೆಂದು. ಆಮೇಲೆ ನೆನಪಿದ್ದಷ್ಟನ್ನು ಹೇಳಬೇಕು, ಹಿಂದುಮುಂದಾದರೂ ಚಿಂತೆಯಿಲ್ಲ.

ಅಮೆರಿಕದ ಆಸ್ಪತ್ರೆಗಳಲ್ಲಿ ಈ ಪರೀಕ್ಷೆಗೆ ಕೂತವರು ಅಪಸ್ಮಾರದ ರೋಗಿಗಳು. ಔಷಧಕ್ಕೆ ಬಗ್ಗದ ಸೆಳವು ಮಿದುಳಿನ ಯಾವ ಮೂಲೆಯಲ್ಲಿ ಹುಟ್ಟುತ್ತದೆಂದು ತಿಳಿಯಲು ವೈದ್ಯರು ಅವರ ತಲೆಬುರುಡೆಯೊಳಗೆ ಎಲೆಕ್ಟ್ರೋಡುಗಳನ್ನು ಇಟ್ಟಿರುತ್ತಾರೆ. ಮುಂದಿನ ಸೆಳವು ಬರುವತನಕ ಹಾಸಿಗೆಯಲ್ಲಿ ಕಾಯಬೇಕು. ನೆನಪಿನ ವಿಜ್ಞಾನ ಆ ಬಿಡುವಿಗೆ ಋಣಿ. ಬರೀ ಪ್ರಯೋಗಕ್ಕೆಂದು ಗಟ್ಟಿಮುಟ್ಟಾದವರ ತಲೆಗೆ ಯಾರು ತೂತು ಕೊರೆದಾರು?

2012ರಲ್ಲಿ ಲಾಸ್ ಏಂಜಲೀಸ್‌ನ ಇಟ್ಜಾಕ್ ಫ್ರೀಡ್ ತಂಡ ಇಂಥ ರೋಗಿಗಳಿಗೆ ಟ್ಯಾಕ್ಸಿ ಓಡಿಸುವ ವಿಡಿಯೊ ಗೇಮ್ ಆಡಿಸಿತು. ಕೆಲವು ಅಂಗಡಿಗಳ ದಾರಿ ಕಲಿಯುವಾಗ ಮಾತ್ರ ಎಂಟೊರೈನಲ್ ಕಾರ್ಟೆಕ್ಸ್‌ಗೆ, ಅಂದರೆ ನೆನಪು ಕಟ್ಟುವ ಹಿಪೊಕ್ಯಾಂಪಸ್‌ನ ಹೆಬ್ಬಾಗಿಲಿಗೆ, ಸಣ್ಣ ಕರೆಂಟು ಹರಿಸಿತು. ಆಮೇಲೆ ಆ ಅಂಗಡಿಗಳಿಗೆ ಅವರು ಹತ್ತಿರದ ದಾರಿ ಹಿಡಿದು ಬೇಗ ತಲುಪಿದರು. ಅಧ್ಯಯನದಲ್ಲಿದ್ದವರು ಏಳೇ ಮಂದಿ, ಸುದ್ದಿ ಮಾತ್ರ ಭಾರಿ. 2016ರಲ್ಲಿ 49 ಮಂದಿಯ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ಎಲ್ಲ ತಲೆಕೆಳಗು: ಎಂಟೊರೈನಲ್ ಭಾಗಕ್ಕೋ ಹಿಪೊಕ್ಯಾಂಪಸ್‌ಗೋ ಕರೆಂಟು ಕೊಟ್ಟರೆ ನೆನಪು ಕುಗ್ಗಿತು.

ಎಲ್ಲಿ ಕೊಡಬೇಕೆಂಬ ಜಗಳದ ನಡುವೆ, ಯಾವಾಗ ಕೊಡಬೇಕೆಂದು ಕೇಳಿದವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೈಕೆಲ್ ಕಹಾನಾ ಮತ್ತು ಸಂಗಡಿಗರು. ಹಣ ಕೊಟ್ಟಿದ್ದು ಅಮೆರಿಕದ ರಕ್ಷಣಾ ಇಲಾಖೆ. ತಲೆಗೆ ಪೆಟ್ಟು ಬಿದ್ದು ನೆನಪು ಕಳೆದುಕೊಂಡ ಸೈನಿಕರ ಚಿಂತೆ ಅದಕ್ಕೆ. ಪದ ಮನಸ್ಸಿಗೆ ಇಳಿಯುವಾಗ ಮಿದುಳಿನ ವಿದ್ಯುತ್ ಅಲೆಗಳು ಒಂದು ಬಗೆ, ಜಾರಿಹೋಗುವಾಗ ಇನ್ನೊಂದು ಬಗೆ. ಒಬ್ಬೊಬ್ಬರ ಅಲೆಗಳ ಗುಣವನ್ನೂ ಕಂಪ್ಯೂಟರ್ ಮೊದಲು ಕಲಿತುಕೊಂಡಿತು. ಈ ಪದ ಉಳಿಯುವಂತಿಲ್ಲ ಎಂದು ಅದಕ್ಕೆ ಅನ್ನಿಸಿದರೆ ಮಾತ್ರ ಕಿವಿಯ ಬದಿಯ ಟೆಂಪೊರಲ್ ಕಾರ್ಟೆಕ್ಸ್‌ಗೆ ಅರ್ಧ ಸೆಕೆಂಡು ಕರೆಂಟು. 2018ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ 25 ರೋಗಿಗಳು. ನೆನಪಾದ ಪದಗಳು ಸುಮಾರು ಶೇಕಡ 15ರಷ್ಟು ಹೆಚ್ಚಿದವು. ಮಿದುಳು ಚೆನ್ನಾಗಿ ದುಡಿಯುತ್ತಿರುವಾಗ ಕೊಟ್ಟ ಕರೆಂಟು ಕೆಲಸ ಕೆಡಿಸುತ್ತದೆಂದು ಅದೇ ತಂಡ ಹಿಂದಿನ ವರ್ಷ ತೋರಿಸಿತ್ತು. ನನಗೆ 15ಕ್ಕಿಂತ ದೊಡ್ಡದಾಗಿ ಕಾಣುವುದು ಈ ಫಲಿತಾಂಶವೇ.

ಪದಪಟ್ಟಿಯ ನೆನಪು ಬೇರೆ, ಬೀಗದ ಕೈ ಎಲ್ಲಿಟ್ಟೆ ಎಂಬ ನೆನಪು ಬೇರೆ. ಆಲ್‌ಝೈಮರ್ ರೋಗಿಗೆ ಇದರಿಂದ ಗುಣವಾದೀತೆಂದು ಈ ಪ್ರಯೋಗ ಹೇಳಿಲ್ಲ. ಹಾಗಿದ್ದೂ ನೆತ್ತಿಯ ಮೇಲಿಂದಲೇ ಕರೆಂಟು ಹಾಯಿಸುವ ಹೆಡ್‌ಸೆಟ್‌ಗಳು ಆಗಲೇ ಅಂತರ್ಜಾಲದಲ್ಲಿ ಮಾರಾಟಕ್ಕಿವೆ. ಅವುಗಳಲ್ಲಿ ಹೆಚ್ಚಿನವು ಮಿದುಳಿನ ಅಲೆಯನ್ನು ಓದುವ ಗೋಜಿಗೇ ಹೋಗುವುದಿಲ್ಲ. ಗುಂಡಿ ಒತ್ತಿದಾಗ ಕರೆಂಟು ಬಿಡುತ್ತವೆ.