ಬೆಂಗಳೂರು, ಪಂಢರಪುರ ಮತ್ತು ಒಂದು ಬಾಗಿಲು



ಮಳೆಗಾಲದ ಭಾನುವಾರ ಖಡಕವಾಸ್ಲಾ ಕೆರೆಗೆ ಹೋಗಿ ಸುಟ್ಟ ಜೋಳದ ತೆನೆ ತಿಂದು ಬರುತ್ತೀರಲ್ಲವೇ? ಅಲ್ಲಿನ ಎನ್.ಡಿ.ಎ.ಯಲ್ಲಿ ಕಲಿತ ಒಬ್ಬ ಕನ್ನಡಿಗನ ಹೆಸರು ನಿಮಗೆ ಗೊತ್ತಿರಬೇಕು: ಬೆಂಗಳೂರಿನ ಮೇಜರ್ ಅಕ್ಷಯ್ ಗಿರೀಶ್ ಕುಮಾರ್.

2016ರ ನವೆಂಬರ್ 29. ಗಡಿಯಾಚೆಯಿಂದ ನುಸುಳಿ ಬಂದ ಮೂವರು ಉಗ್ರರು ಪೊಲೀಸರ ವೇಷದಲ್ಲಿ, ನಸುಕಿನಲ್ಲಿ, ಜಮ್ಮು ಸಮೀಪದ ನಗ್ರೋಟಾ ಸೇನಾ ಶಿಬಿರಕ್ಕೆ ನುಗ್ಗಿದರು. ಅಧಿಕಾರಿಗಳ ಕುಟುಂಬಗಳಿದ್ದ ಕಟ್ಟಡಗಳನ್ನು ಹೊಕ್ಕರು. 12 ಯೋಧರು, ಇಬ್ಬರು ತಾಯಂದಿರು, ಎರಡು ಹಸುಗೂಸುಗಳು ಒಳಗೆ ಸಿಕ್ಕಿಕೊಂಡರು. ಗಂಡಂದಿರು ರಾತ್ರಿ ಪಾಳಿಯಲ್ಲಿದ್ದರು. ಆ ತಾಯಂದಿರು ಎದೆಗೆಡಲಿಲ್ಲ. ಮನೆಯ ಸಾಮಾನುಗಳನ್ನೇ ಬಾಗಿಲಿಗೆ ಅಡ್ಡ ಒಟ್ಟಿದರು. ಉಗ್ರರು ಒಳಬರಲಾಗಲಿಲ್ಲ. ಹೊರಗೆ ನಮ್ಮ ಸೈನಿಕರು ಹೋರಾಡಿದರು. ಹದಿನಾರು ಜೀವಗಳೂ ಉಳಿದವು. ಮೂವರು ಉಗ್ರರೂ ಹತರಾದರು. ಆದರೆ ನಮ್ಮ ಏಳು ಯೋಧರು ಮರಳಲಿಲ್ಲ.

ಅವರಲ್ಲಿ ಇಬ್ಬರು ಮೇಜರ್‌ಗಳು. ಒಬ್ಬರು ನಮ್ಮ ಅಕ್ಷಯ್. ಇನ್ನೊಬ್ಬರು ಕುಣಾಲ್ ಗೋಸಾವಿ, ನಮ್ಮ ದಾಸರೂ ಹಾಡಿ ಹೊಗಳಿದ ವಿಠಲನ ಊರಾದ ಪಂಢರಪುರದವರು.

ಪುಣೆಯಲ್ಲಿ ಬೆಳೆದ ನಿಮಗೆ ಎರಡೂ ಭಾಷೆ ಬರುತ್ತವೆ. ಕನ್ನಡ, ಮರಾಠಿ ಎಂದು ಗೆಳೆಯರ ನಡುವೆ ವಾದ ಎದ್ದಾಗ ಈ ಎರಡು ಹೆಸರುಗಳನ್ನು ಒಟ್ಟಿಗೇ ಹೇಳಿರಿ.