ಡ್ರೈಫಸ್ ಪ್ರಕರಣ, ಯೆಹೂದ್ಯ ರಾಷ್ಟ್ರವಾದ ಮತ್ತು ಒಂದು ಕಥೋಲಿಕ ಪತ್ರಿಕೆ

ಯೆಹೂದ್ಯ ರಾಷ್ಟ್ರವಾದ ಹುಟ್ಟಿದ್ದು ಹಿಟ್ಲರನ ಹತ್ಯಾಕಾಂಡದ ನಂತರ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದು ಅದಕ್ಕಿಂತ ಅರ್ಧ ಶತಮಾನ ಹಳೆಯದು. ಆ ಕಥೆಯಲ್ಲಿ ಕಥೋಲಿಕ ಪತ್ರಿಕೆಯೊಂದರ ಪಾತ್ರವೂ ಇರುವುದರಿಂದ, ಸುದ್ದಿ ಬರೆಯುವ ಕೆಲಸದಲ್ಲಿರುವ ನಾವು ಅದನ್ನು ಹೇಳದೆ ಬಿಡುವಂತಿಲ್ಲ.

ಹಿಂದಿನ ಕಾಲದಲ್ಲಿ ಯೆಹೂದ್ಯರನ್ನು ದ್ವೇಷಿಸಿದವರು ಧರ್ಮದ ಕಾರಣ ಕೊಡುತ್ತಿದ್ದರು. 19ನೇ ಶತಮಾನದಲ್ಲಿ ಕಾರಣ ಬದಲಾಯಿತು. ತಪ್ಪು ಅವರ ನಂಬಿಕೆಯಲ್ಲಲ್ಲ, ರಕ್ತದಲ್ಲೇ ಇದೆ ಎಂದರು. ಜ್ಞಾನಸ್ನಾನ ಪಡೆದರೂ ಬಿಡುಗಡೆಯಿಲ್ಲ! 'ಆಂಟಿಸೆಮಿಟಿಸಂ' ಎಂಬ ಪದವನ್ನು 1879ರಲ್ಲಿ ಜರ್ಮನಿಯಲ್ಲಿ ಪ್ರಚಾರಕ್ಕೆ ತಂದದ್ದು ವಿಲ್ಹೆಲ್ಮ್ ಮಾರ್ ಎಂಬ ಬರಹಗಾರ. 1881ರಿಂದ ರಷ್ಯದಲ್ಲಿ ಯೆಹೂದ್ಯರ ಮನೆ, ಅಂಗಡಿಗಳ ಮೇಲೆ ದಾಳಿಗಳಾದವು. ಮರುವರ್ಷವೇ ಒಡೆಸ್ಸಾದ ವೈದ್ಯ ಲಿಯೋನ್ ಪಿನ್ಸ್ಕರ್, ಸ್ವಂತ ನೆಲವಿಲ್ಲದೆ ತಮ್ಮವರಿಗೆ ಉಳಿವಿಲ್ಲ ಎಂದು ಪುಸ್ತಿಕೆ ಬರೆದರು.

ರಷ್ಯವೇನೋ ಝಾರ್ ದೊರೆಯ ನಾಡು. ಆದರೆ ಫ್ರಾನ್ಸ್? ಅದು 1791ರಲ್ಲೇ ಯೆಹೂದ್ಯರಿಗೆ ಸಮಾನ ಪೌರತ್ವ ಕೊಟ್ಟಿದ್ದ ದೇಶ. ಅಲ್ಲಿ 1894ರಲ್ಲಿ ಜರ್ಮನ್ ರಾಯಭಾರ ಕಚೇರಿಯ ಕಸದ ಬುಟ್ಟಿಯಲ್ಲಿ ಸಿಕ್ಕಿದ ಒಂದು ಪತ್ರದ ಆಧಾರದ ಮೇಲೆ ಆಲ್ಫ್ರೆಡ್ ಡ್ರೈಫಸ್ ಎಂಬ ಯೆಹೂದ್ಯ ಕ್ಯಾಪ್ಟನ್‌ರನ್ನು ದೇಶದ್ರೋಹಿ ಎಂದು ತೀರ್ಮಾನಿಸಲಾಯಿತು. 1895ರ ಜನವರಿ 5ರಂದು ಪ್ಯಾರಿಸ್‌ನ ಸೈನಿಕ ಶಾಲೆಯ ಅಂಗಳದಲ್ಲಿ ಅವರ ಪದವಿ ಚಿಹ್ನೆಗಳನ್ನು ಕಿತ್ತು, ಕತ್ತಿಯನ್ನು ಮುರಿದರು. ಹೊರಗಿನ ಜನ ಯೆಹೂದ್ಯರಿಗೆ ಧಿಕ್ಕಾರ ಕೂಗಿದರು. ಅವರನ್ನು ದಕ್ಷಿಣ ಅಮೆರಿಕದ ಡೆವಿಲ್ಸ್ ಐಲ್ಯಾಂಡ್‌ಗೆ ಸಾಗಿಸಲಾಯಿತು. ಪತ್ರ ಬರೆದವನು ಎಸ್ಟರ್‌ಹಾಜಿ ಎಂಬ ಬೇರೊಬ್ಬ ಅಧಿಕಾರಿ ಎಂದು 1896ರಲ್ಲೇ ಸೇನೆಗೆ ಗೊತ್ತಾಯಿತು, ಆದರೂ ಮುಚ್ಚಿಟ್ಟರು. 1898ರಲ್ಲಿ ಕಾದಂಬರಿಕಾರ ಎಮಿಲ್ ಝೋಲಾ ಬಹಿರಂಗ ಪತ್ರ ಬರೆದ ಮೇಲೆ ದೇಶವೇ ಎರಡಾಯಿತು. ಡ್ರೈಫಸ್ ನಿರ್ದೋಷಿ ಎಂದು ನ್ಯಾಯಾಲಯ ಘೋಷಿಸಿದ್ದು 1906ರಲ್ಲಿ.

ಈ ಹನ್ನೆರಡು ವರ್ಷಗಳಲ್ಲಿ ಅಸಂಪ್ಷನಿಸ್ಟ್ ಗುರುಗಳು ಆರಂಭಿಸಿದ್ದ 'ಲಾ ಕ್ರುವಾ' ಪತ್ರಿಕೆ ಏನು ಮಾಡುತ್ತಿತ್ತು? ಹೆಸರಿನ ಅರ್ಥ ಶಿಲುಬೆ. ಫ್ರಾನ್ಸಿನ ಕಥೋಲಿಕ ಪತ್ರಿಕೆಗಳಲ್ಲಿ ತಾನೇ ಅತಿ ದೊಡ್ಡ ಯೆಹೂದ್ಯ ವಿರೋಧಿ ಎಂದು ಅದು 1890ರಲ್ಲೇ ಹೆಮ್ಮೆಪಟ್ಟಿತ್ತು. ಡ್ರೈಫಸ್ ವಿರುದ್ಧ ಅದು ವಿಷ ಕಾರಿತು. ಅದನ್ನು ಮನೆಮನೆಗೆ ತಲುಪಿಸಿದವರಲ್ಲಿ ನಮ್ಮಂಥ ಗುರುಗಳೂ ಇದ್ದರು. ಇತಿಹಾಸಕಾರ ಪಾಲ್ ವಿಯೋಲೆಯವರಂಥ ಕೆಲವು ಕಥೋಲಿಕರು ನ್ಯಾಯದ ಪರ ನಿಂತರು, ನಿಜ. ಆದರೆ ಅವರು ಬೆರಳೆಣಿಕೆಯಷ್ಟು.

ಡ್ರೈಫಸ್‌ರ ಅವಮಾನವನ್ನು ವರದಿ ಮಾಡಿದವರಲ್ಲಿ ವಿಯೆನ್ನಾ ಪತ್ರಿಕೆಯೊಂದರ ಪ್ಯಾರಿಸ್ ಬಾತ್ಮೀದಾರ ಥಿಯೋಡರ್ ಹರ್ಝಲ್ ಒಬ್ಬರು. ಆ ದೃಶ್ಯವೊಂದೇ ಅವರನ್ನು ಬದಲಿಸಿತೆಂಬ ಮಾತನ್ನು ಇತಿಹಾಸಕಾರರು ಪೂರ್ತಿ ಒಪ್ಪುವುದಿಲ್ಲ. ವಿಯೆನ್ನಾದಲ್ಲಿ ಯೆಹೂದ್ಯ ದ್ವೇಷವನ್ನೇ ಬಂಡವಾಳ ಮಾಡಿಕೊಂಡು ಕಾರ್ಲ್ ಲ್ಯೂಗರ್ ಚುನಾವಣೆ ಗೆದ್ದದ್ದೂ ಅವರನ್ನು ಕಲಕಿತ್ತು. 1896ರಲ್ಲಿ 'ಯೆಹೂದ್ಯ ರಾಷ್ಟ್ರ' ಎಂಬ ಅವರ ಪುಸ್ತಕ ಬಂತು. 1897ರ ಆಗಸ್ಟ್‌ನಲ್ಲಿ ಬಾಸೆಲ್‌ನಲ್ಲಿ ಮೊದಲ ಝಿಯೋನಿಸ್ಟ್ ಮಹಾಸಭೆ ಸೇರಿತು. ಮ್ಯೂನಿಕ್‌ನಲ್ಲಿ ನಡೆಯಬೇಕಿದ್ದ ಸಭೆ ಅದು. ಅಲ್ಲಿನ ಯೆಹೂದ್ಯರೇ ಬೇಡವೆಂದರು! ಅದೇ ವರ್ಷ ವಿಲ್ನಾದಲ್ಲಿ ಹುಟ್ಟಿದ ಯೆಹೂದ್ಯ ಕಾರ್ಮಿಕರ 'ಬುಂಡ್' ಸಂಘಟನೆಯೂ, ನಾವು ಇರುವಲ್ಲೇ ಹಕ್ಕಿಗಾಗಿ ಹೋರಾಡೋಣ ಎಂದಿತು. ಪ್ಯಾಲೆಸ್ತೀನಿನಲ್ಲಿ ಆಗಲೇ ನೆಲೆಸಿದ್ದ ಅರಬರನ್ನಂತೂ ಯಾರೂ ಕೇಳಲಿಲ್ಲ.

1904ರ ಜನವರಿಯಲ್ಲಿ ಹರ್ಝಲ್ ಬೆಂಬಲ ಕೇಳಿ ಪೋಪ್ ಹತ್ತನೇ ಪಿಯುಸ್‌ರವರ ಬಳಿ ಬಂದರು. ಯೆಹೂದ್ಯರು ಪ್ರಭುವನ್ನು ಅಂಗೀಕರಿಸದ ಕಾರಣ ತಾವೂ ಇದನ್ನು ಅಂಗೀಕರಿಸಲಾಗದು ಎಂದು ಪೋಪ್‌ರವರು ಉತ್ತರಿಸಿದರೆಂದು ಹರ್ಝಲ್ ದಿನಚರಿಯಲ್ಲಿದೆ. ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಯೆಹೂದ್ಯರನ್ನು ಹೀನೈಸುತ್ತಿದ್ದ ಲ್ಯಾಟಿನ್ ಪದವನ್ನು ಪೋಪ್ ಇಪ್ಪತ್ತಮೂರನೇ ಜಾನ್‌ರವರು 1959ರಲ್ಲಿ ತೆಗೆಸಿದರು. ಕ್ರಿಸ್ತರ ಮರಣದ ಹೊಣೆಯನ್ನು ಇಡೀ ಯೆಹೂದ್ಯ ಜನಾಂಗದ ಮೇಲೆ ಹೊರಿಸಬಾರದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಸಾರಿದ್ದು 1965ರಲ್ಲಿ.

ಅಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಡ್ರೈಫಸ್ 1935ರಲ್ಲಿ ತೀರಿಕೊಂಡರು. ಅವರ ಮೊಮ್ಮಗಳು ಮಡ್ಲೆನ್ ಲೆವಿ 1944ರಲ್ಲಿ ಆಶ್ವಿಟ್ಜ್ ಶಿಬಿರದಲ್ಲಿ ಸತ್ತಳು. 'ಲಾ ಕ್ರುವಾ' ತನ್ನ ಹಳೆಯ ಬರಹಗಳಿಗಾಗಿ ಕ್ಷಮೆ ಕೇಳಿದ್ದು 1998ರ ಜನವರಿಯಲ್ಲಿ, ಝೋಲಾ ಪತ್ರಕ್ಕೆ ನೂರು ವರ್ಷ ತುಂಬಿದಾಗ.